ಪ್ರಾಚೀನ ನಾಣ್ಯಗಳ ಶುದ್ಧಿಯೂ ಸಂರಕ್ಷಣೆಯೂ

ನಮ್ಮ ನಾಡಿನ ಪೂರ್ವಚರಿತ್ರೆಯನ್ನು ತಿಳಿಯುವುದಕ್ಕೆ ಶಾಸನಗಳಂತೆಯೇ ನಾಣ್ಯಗಳೂ ಮುಖ್ಯವಾದ ಆಧಾರಗಳು. ಶಾತವಾಹನರ ಕಾಲದಲ್ಲಿ ಚಿತ್ರದುರ್ಗದ ಸೀಮೆಯಲ್ಲಿದ್ದ ಸದಕಣ ಕಳಲಾಯ ಮಹಾರಠಿಯ ಹೆಸರು ಮುಖ್ಯವಾಗಿ ಅಲ್ಲಿನ ಸೀಸದ ನಾಣ್ಯಗಳಿಂದಲೇ ನಮಗೆ ತಿಳಿದುಬಂದಿದೆ. ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುದನ್ನು ಅವನ ಹೊನ್ನಿನ ನಾಣ್ಯದ ಮೇಲಣ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಬರಹವು ಸಾರುತ್ತದೆ. ಕಲ್ಲಿನ ಬರಹ ಒಂದೆಡೆ ಸವೆದಿದ್ದರೆ ಮಿಕ್ಕ ಸಾಲುಗಳ ಸಹಾಯದಿಂದ ಅದನ್ನು ಊಹಿಸಬಹುದು. ನಾಣ್ಯದ ಮೇಲೆ ಎರಡಕ್ಷರ ಅಳಿದರೆ ಅರಸನ ಹೆಸರೇ ಅಳಿದುಹೋಗಬಹುದು.

ಇಂತಹ ನಾಣ್ಯಗಳು ಮಣ್ಣಿನೊಳಗೆ ಶತಮಾನಗಳನ್ನು ಕಳೆದೂ ಉಳಿದುಬಂದು, ನಮ್ಮ ಕೈಸೇರಿದ ಮೇಲೆ ಒಂದು ಗಳಿಗೆಯಲ್ಲಿ ಹಾಳಾಗುವುದುಂಟು. ದೇವರ ಪೆಟ್ಟಿಗೆಯಲ್ಲಿರುವ ಹಳೆಯ ಕಾಸುಗಳನ್ನು ಹಬ್ಬದ ದಿನ ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗುವ ವಾಡಿಕೆ ಅನೇಕ ಮನೆಗಳಲ್ಲಿದೆ. ಪೂಜಾಪಾತ್ರೆಗೆ ಇದು ಯೋಗ್ಯವೇ ಸರಿ. ಆದರೆ ತಾಮ್ರದ ಹಳೆಯ ನಾಣ್ಯದಲ್ಲಿ ಲೋಹದ ಮೇಲ್ಪದರವೇ ಕಿಲುಬಾಗಿ ಮಾರ್ಪಟ್ಟಿರುತ್ತದೆ; ಟಂಕಶಾಲೆಯಲ್ಲಿ ಒತ್ತಿದ ಅಕ್ಷರಗಳ ರೇಖೆಗಳು ಆ ಪದರದಲ್ಲಿಯೇ ನಿಂತಿರುತ್ತವೆ. ಹುಳಿಯು ಕಿಲುಬನ್ನು ಕರಗಿಸುವಾಗ ಅಕ್ಷರವನ್ನೂ ಕರಗಿಸುತ್ತದೆ, ಬೂದಿಯು ಉಳಿದುದನ್ನು ತೇಯುತ್ತದೆ. ಕಡೆಗೆ ಥಳಥಳಿಸುವ ಬರಿಯ ಬಿಲ್ಲೆಯೊಂದು ನಮ್ಮ ಕೈಯಲ್ಲಿ ಉಳಿಯುತ್ತದೆ.

ವಿದ್ವಾಂಸರೂ ಈ ವಿವೇಕವನ್ನು ಒಮ್ಮೆಗೇ ಪಡೆದವರಲ್ಲ. ಕ್ರಿ. ಶ. ೧೮೮೮ ರಲ್ಲಿ ಬರ್ಲಿನ್ ನಗರದ ವಸ್ತುಸಂಗ್ರಹಾಲಯಗಳಿಗಾಗಿ ಫ್ರೀಡ್ರಿಶ್ ರಾಟ್‌ಗೆನ್ ಎಂಬ ರಸಾಯನಶಾಸ್ತ್ರಜ್ಞನ ಕೈಕೆಳಗೆ ಪ್ರಯೋಗಶಾಲೆಯೊಂದು ಏರ್ಪಟ್ಟಿತು. ನಮ್ಮ ನೆರೆಯ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ೧೯೩೦ ರಲ್ಲಿ ಇಂತಹ ಪ್ರಯೋಗಶಾಲೆ ಪ್ರಾರಂಭವಾಯಿತು. ಆ ಕಾಲದಲ್ಲಿ ವಿದ್ಯುತ್ತಿನಿಂದ ಕಿಲುಬನ್ನೆಲ್ಲ ಕಳೆದು ಅಪ್ಪಟ ಲೋಹವನ್ನು ಹೊರಗಾಣಿಸುವ ಕ್ರಮವು ಬಹುವಾಗಿ ಬಳಕೆಯಲ್ಲಿತ್ತು. ವಸ್ತುವಿನ ಮೂಲರೂಪವು ಅನೇಕವೇಳೆ ಕಿಲುಬಿನಲ್ಲಿಯೇ ಉಳಿದಿರುವುದೆಂಬ ಅರಿವು ಬಲಿತ ಮೇಲೆ, ಎಷ್ಟು ಕಡಮೆ ತೆಗೆದರೆ ಅಷ್ಟು ಲೇಸೆಂಬುದೇ ನಿಯಮವಾಗಿದೆ.

ಲೋಹವನ್ನರಿತು ಉಪಚರಿಸಬೇಕು. ಚಿನ್ನಕ್ಕೆ ಕಿಲುಬಿಲ್ಲ, ಆದರೆ ಅದು ಮೆದುವಾದುದರಿಂದ ಉಜ್ಜಿದರೆ ಸವೆಯುತ್ತದೆ. ಬೆಳ್ಳಿಯು ಗಂಧಕದ ಸಂಪರ್ಕದಿಂದ ಕಪ್ಪಾಗುತ್ತದೆ. ತೆಳುವಾದ ಆ ಕಪ್ಪಿನಿಂದ ಅಕ್ಷರಗಳು ಹೆಚ್ಚು ಸ್ಪಷ್ಟವಾಗುವುದೂ ಉಂಟು. ತಾಮ್ರದ ಮೇಲೆ ನುಣುಪಾಗಿ ಗಟ್ಟಿಯಾಗಿ ಕೂತಿರುವ ಹಸುರು ಪದರವು ನಾಣ್ಯಕ್ಕೆ ಕವಚವಿದ್ದಂತೆ. ತಿಳಿಹಸುರಿನ ಪುಡಿಯೇಳುತ್ತಿದ್ದರೆ ಅದು ಬೇರೆ. ಲೋಹದೊಳಗೆ ಸೇರಿದ ಕ್ಲೋರೈಡು ಲವಣಗಳು ತೇವದೊಡನೆ ಕೂಡಿ ಅದನ್ನು ತಿನ್ನುತ್ತಿವೆಯೆಂದು ತಿಳಿಯಬೇಕು. ಅಂತಹ ನಾಣ್ಯವನ್ನು ಬೇರೆಯಾಗಿ ಒಣಗಿದ ಸ್ಥಳದಲ್ಲಿಟ್ಟು ತಜ್ಞರಿಗೆ ತೋರಿಸತಕ್ಕದ್ದು.

ಎಲ್ಲಕ್ಕಿಂತ ಸುಕುಮಾರವಾದುದು ಸೀಸ. ಉಗುರಿನ ಗೀರೂ ಅದರ ಮೇಲೆ ಮೂಡುತ್ತದೆ. ಬಟ್ಟಿಯಿಳಿಸಿದ ಶುದ್ಧಜಲವೂ ಅದನ್ನು ಕೊರೆಯುತ್ತದೆ. ಕೆಲವು ಮರದ ಪೆಟ್ಟಿಗೆಗಳಿಂದ ಹೊರಡುವ ಹುಳಿಯ ಆವಿಗೆ ಬಿಳಿಯ ಪುಡಿಯಾಗಿ ಉದುರುತ್ತದೆ. ಚಂದ್ರವಳ್ಳಿಯ ನಾಣ್ಯಗಳಂಥವನ್ನು ತೊಳೆಯುವ ಗೋಜಿಗೆ ಹೋಗದೆ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡುವುದೇ ಕ್ಷೇಮ. ಸೀಸವು ವಿಷವಾದುದರಿಂದ ಮುಟ್ಟಿದ ಮೇಲೆ ಕೈತೊಳೆಯಬೇಕು.

ಅಂಟಿದ ಮಣ್ಣನ್ನು ಮೃದುವಾದ ಕುಂಚದಿಂದ ಒರಸುವುದಕ್ಕೆ ಮೊದಲು ನಾಣ್ಯವನ್ನು ತೂಗಿ, ಎರಡು ಮುಖಗಳ ಛಾಯಾಚಿತ್ರಗಳನ್ನು ತೆಗೆದು, ದೊರೆತ ಊರು, ಹೊಲ, ಜೊತೆಯಲ್ಲಿದ್ದ ಮಡಕೆಚೂರು ಮೊದಲಾದುವನ್ನು ಬರೆದಿಡತಕ್ಕದ್ದು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ೧೮೭೮ ರ ಕಾಯಿದೆಯೇ ವಿಧಿಸಿತ್ತು. ಆ ಕರ್ತವ್ಯವು ಈಗಲೂ ತಪ್ಪಿದ್ದಲ್ಲ. ಮನೆಯ ಹಿರಿಯರು ಬರುವ ಹಬ್ಬಕ್ಕೆ ಪೆಟ್ಟಿಗೆಯನ್ನು ತೆರೆದಾಗ ಹೊಸ ರೂಪಾಯಿಗಳನ್ನು ಬೆಳಗಿ ಪೂಜಿಸಿ, ಹಳೆಯವಕ್ಕೆ ಅರಿಸಿನ ಕುಂಕುಮಗಳನ್ನೂ ಸೋಕಿಸದೆ ಬಟ್ಟೆಯ ಮೇಲಿಟ್ಟು ಕೈಮುಗಿದರೆ ಸಾಕೆಂದು ನಮ್ಮ ಬಿನ್ನಹ.