ಗೇರುಸೊಪ್ಪೆಯ ಮೆಣಸು, ಗೋವೆಯ ಅಕ್ಕಿ

ಶರಾವತಿಯ ದಡದ ಕಾಡಿನಲ್ಲಿ ನಿಂತಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ದರ್ಶಿಸಿದವರಿಗೆ, ಇಂಥ ನಿರ್ಜನ ಪ್ರದೇಶದಲ್ಲಿ ಇಷ್ಟು ಭವ್ಯವಾದ ಶಿಲಾಮಂದಿರ ಹೇಗೆ ಎದ್ದಿತೆಂಬ ಪ್ರಶ್ನೆ ಏಳದಿರದು. ಉತ್ತರವು ಬಹುಮಟ್ಟಿಗೆ ಅಲ್ಲಿಯ ಮರಗಳನ್ನು ತಬ್ಬಿ ಬೆಳೆಯುವ ಮೆಣಸಿನ ಬಳ್ಳಿಯಲ್ಲಿಯೇ ಇದೆ. ಘಟ್ಟದಲ್ಲಿ ಬೆಳೆದ ಕರಿಮೆಣಸು ಹೊಳೆಯ ದಾರಿಯಲ್ಲಿ ಇಳಿದು ಹೊನ್ನಾವರದ ರೇವನ್ನು ಸೇರುತ್ತಿತ್ತು, ಅಲ್ಲಿಂದ ಸಮುದ್ರದಾಚೆಗೆ. ಆ ಹಣದ ಒಂದಂಶ ಜಿನಾಲಯಗಳಾಗಿ ನಿಂತಿತು. ಯೋಜನ ಶ್ರೇಷ್ಠಿಯು ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಮುಂದೆ ಅವನ ವಂಶದ ಅಂಬವಣ ಶ್ರೇಷ್ಠಿಯು ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನೆಂದು ಶಾಸನವು ಸಾರುತ್ತದೆ. ಕಲ್ಲಿನದಲ್ಲ, ಕಂಚಿನದು!

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದಿಳಿದ ಮೇಲೆ ಈ ವ್ಯಾಪಾರದ ಸ್ವರೂಪವೇ ಬದಲಾಯಿತು. ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ಹಡಗುಗಳೆಲ್ಲ ತಮ್ಮಿಂದ 'ಕಾರ್ಟಾಜ್' ಎಂಬ ರಹದಾರಿ ಪತ್ರ ಪಡೆಯಬೇಕು, ಮೆಣಸನ್ನು ತಮಗಲ್ಲದೆ ಬೇರೆಯವರಿಗೆ ಮಾರಬಾರದು ಎಂದು ಪೋರ್ಚುಗೀಸರು ವಿಧಿಸಿದರು. ಚೀಟಿಯಿಲ್ಲದ ಹಡಗು ಸರಕುಸಹಿತ ಅವರ ಪಾಲಾಗುತ್ತಿತ್ತು. 1502ರಲ್ಲಿ ಗಾಮನು ಎರಡನೆಯ ಬಾರಿ ಬಂದಾಗ ಭಟ್ಕಳದ ಅರಸನಿಗೆ ಹಾಕಿದ ಷರತ್ತುಗಳನ್ನು ಅವರ ಚರಿತ್ರಕಾರ ಗಾಸ್ಪರ್ ಕೊರೆಯಾ ಬರೆದಿಟ್ಟಿದ್ದಾನೆ: ತುರುಕರೊಡನೆ ವ್ಯಾಪಾರ ಕೂಡದು, ಮೆಣಸಿನ ವ್ಯಾಪಾರ ಕೂಡದು, ಕಲ್ಲಿಕೋಟೆಗೆ ಹಡಗು ಹೋಗಕೂಡದು. ಇದರ ಜೊತೆಗೆ ಕಪ್ಪ. ಆ ಕಪ್ಪವೂ ಹೊನ್ನಲ್ಲ, ಅಕ್ಕಿ. ಹಡಗಿನ ಜನರಿಗೆಂದು ಸಾಧಾರಣ ಅಕ್ಕಿ 1000 ಹೇರು, ನಾಯಕರಿಗೆಂದು ಉತ್ತಮ ಅಕ್ಕಿ 500 ಹೇರು.

ದಿಗ್ಬಂಧನ ಹಾಕುವವನ ಹೊಟ್ಟೆಯ ಹಸಿವು ಈ ಷರತ್ತಿನಲ್ಲಿಯೇ ಬಯಲಾಗುತ್ತದೆ. 1510ರಲ್ಲಿ ಗೋವೆಯನ್ನು ಗೆದ್ದ ಮೇಲಂತೂ ಈ ಕೊರತೆ ಇನ್ನೂ ಹೆಚ್ಚಿತು. ಗೋವೆಯ ಗದ್ದೆಗಳು ಆ ನಗರವನ್ನು ಸಾಕಲಾರದೆ ಹೋದವು. ಬಸರೂರು, ಮಂಗಳೂರು ರೇವುಗಳಿಂದ ಅಕ್ಕಿ ಬಾರದಿದ್ದರೆ ಗೋವೆಯಲ್ಲಿ ಒಲೆ ಹೊತ್ತುವುದು ಕಷ್ಟವಿತ್ತು. ತುಳುನಾಡಿನ ಅರಸರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ.

ಇಂಥ ನಿರ್ಬಂಧಗಳ ಆಟವನ್ನು ಪೋರ್ಚುಗೀಸರೊಬ್ಬರೇ ಆಡಲಿಲ್ಲವೆಂಬುದನ್ನೂ ಹೇಳಬೇಕು. 1547ರಲ್ಲಿ ವಿಜಯನಗರದ ಸದಾಶಿವರಾಯನ ಸರ್ಕಾರವು ಗೋವೆಯೊಡನೆ ಮಾಡಿಕೊಂಡ ಒಪ್ಪಂದದ ಮುಖ್ಯಾಂಶವೇ ವಿಜಾಪುರಕ್ಕೆ ಕುದುರೆಗಳು ಹೋಗದಂತೆ ತಡೆಯುವುದಾಗಿತ್ತು. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ಕರಾವಳಿಯ ಸಣ್ಣ ಅರಸುಮನೆಗಳ ಬೆನ್ನಿಗೆ ವಿಜಯನಗರವೂ ಇಲ್ಲದಂತಾಯಿತು.

ಆ ಕಾಲದಲ್ಲಿ ನಗಿರೆ, ಹಾಡುವಳ್ಳಿ ರಾಜ್ಯಗಳನ್ನು ಆಳುತ್ತಿದ್ದವಳು ಸಾಳುವ ವಂಶದ ಜಿನಭಕ್ತೆ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಈ ಬಿರುದನ್ನು ಇಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದು ಶತ್ರುವು ತನಗೆ ಬೇಕಾದ ವಸ್ತುವಿನಿಂದ ರಾಣಿಯನ್ನು ಗುರುತಿಸಿದ ರೀತಿಯಷ್ಟೆ. 1569ರಲ್ಲಿ ಗೋವೆಯ ವೈಸರಾಯ್ ಲೂಯಿಸ್ ದ ಅಟಾಯ್ಡೆಯು ಹೊನ್ನಾವರವನ್ನು ಹಿಡಿದು ಅಲ್ಲಿ ಕೋಟೆಯನ್ನು ಬಲಪಡಿಸಿದನು. ರಾಜ್ಯದ ಸಮುದ್ರದ್ವಾರವೇ ಕೈತಪ್ಪಿತು. ಮರುವರ್ಷ ವಿಜಾಪುರದ ಸುಲ್ತಾನನು ಗೋವೆಯನ್ನು ಮುತ್ತಿದಾಗ ಗೇರುಸೊಪ್ಪೆಯ ಸೈನ್ಯವು ಹೊನ್ನಾವರದ ಕೋಟೆಗೆ ಲಗ್ಗೆಯಿಟ್ಟಿತು. ಗೋವೆಯಿಂದ ಬಂದ ನೆರವಿನಿಂದ ಕೋಟೆ ಉಳಿದುಕೊಂಡಿತು.

ಕತ್ತಿಯಿಂದ ಆಗದ್ದನ್ನು ಮೆಣಸು ಹೇಗೆ ಸಾಧಿಸಿತೆಂಬುದು ಮುಂದಿನ ಕಥೆ. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಡಚ್ಚರವನಾದ ಲಿನ್ಸ್‌ಹೋಟನ್ ಹೊನ್ನಾವರದ ವಿಷಯವಾಗಿ ಬರೆದಿರುವುದು ಗಮನಾರ್ಹವಾಗಿದೆ. ಅಲ್ಲಿಂದ ವರ್ಷಕ್ಕೆ ಏಳೆಂಟು ಸಾವಿರ ಕ್ವಿಂಟಾಲು ಮೆಣಸು ಪೋರ್ಚುಗೀಸರಿಗೆ ಸಲ್ಲುತ್ತಿತ್ತು. (ಅವರ ಕ್ವಿಂಟಾಲು ಈಗಿನದರ ಅರ್ಧಕ್ಕಿಂತ ತುಸು ಹೆಚ್ಚು.) ಅದನ್ನು ಒದಗಿಸುತ್ತಿದ್ದವಳು ರಾಣಿ. ಆದರೆ ಹಣವನ್ನು ಆರು ತಿಂಗಳು ಮೊದಲೇ ಕೊಡಬೇಕು, ಇಲ್ಲವಾದರೆ ಮೆಣಸಿಲ್ಲ. ಕೋಟೆ ಅವರದು, ತೋಪು ಅವರದು, ಸಮುದ್ರವೂ ಅವರದು. ಷರತ್ತು ಮಾತ್ರ ರಾಣಿಯದು. ಬಳ್ಳಿಯು ಘಟ್ಟದಲ್ಲಿತ್ತು, ಹಡಗಿನವರು ಅಲ್ಲಿಗೆ ಏರಲಾರರು. ಸೋತು ರೇವನ್ನು ಕಳೆದುಕೊಂಡ ಅರಸಿಯು ಗೆದ್ದವನಿಂದ ಮುಂಗಡ ವಸೂಲು ಮಾಡಿದ್ದು ಯುದ್ಧದ ಜಯಕ್ಕಿಂತ ಕಡಿಮೆಯದೆಂದು ಹೇಳಲಾಗದು. ಹೀಗೆ ವೈರಿಗಳ ನಡುವೆ ವರ್ಷವರ್ಷವೂ ಸಂಧಿಯೊಂದು ತಾನಾಗಿಯೇ ನವೀಕರಣಗೊಳ್ಳುತ್ತಿತ್ತು.

ಆದರೆ ಈ ಸಂಪತ್ತು ಒಳನಾಡಿನವರ ಕಣ್ಣನ್ನೂ ಸೆಳೆದಿತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡನು. ಸಮುದ್ರದ ಕಡೆಯಿಂದ ಬಂದವರು ಮಾಡಲಾರದ್ದನ್ನು ಘಟ್ಟದ ಮೇಲಿನಿಂದ ಬಂದವರು ಮಾಡಿದರು. ಮೆಣಸಿನೊಡನೆ ಪೋರ್ಚುಗೀಸರ ರಾಯಭಾರವೂ ಇಕ್ಕೇರಿಗೆ ತಿರುಗಿತು. 1623ರಲ್ಲಿ ಅಂಥ ಒಂದು ರಾಯಭಾರದ ಜೊತೆಗೆ ಬಂದ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯು ಗೇರುಸೊಪ್ಪೆಯನ್ನು ಕಂಡಾಗ ಅರಮನೆಯೂ ಪೇಟೆಯೂ ಪಾಳುಬಿದ್ದು ಮರಗಳು ಬೆಳೆದಿದ್ದವು. ಎರಡು ದಶಕಗಳೂ ಕಳೆದಿರಲಿಲ್ಲ.

ಅದೇ ಪ್ರವಾಸದಲ್ಲಿ ಅವನು ಮಂಗಳೂರಿನ ಕಡೆಗೂ ಹೋಗಿ, ಪೋರ್ಚುಗೀಸರ ಬದ್ಧವೈರಿಯಾಗಿದ್ದ ಚೌಟ ಮನೆತನದ ಉಳ್ಳಾಲದ ರಾಣಿಯನ್ನು ಕಾಣಬಯಸಿದನು. ಆಕೆ ಅವನಿಗೆ ಸಿಕ್ಕಿದ್ದು ಅರಮನೆಯಲ್ಲಲ್ಲ. ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆಯುಟ್ಟು, ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು.