ಪಿಯಾನೊ ಕಾನ್ಸರ್ಟೊ ಸಂಖ್ಯೆ 2 (ಶೊಸ್ತಕೋವಿಚ್)

ರಷ್ಯಾದ ಸಂಯೋಜಕ ದ್ಮಿತ್ರಿ ಶೊಸ್ತಕೋವಿಚ್ 1957ರಲ್ಲಿ ಮಗ ಮ್ಯಾಕ್ಸಿಮ್‌ಗಾಗಿ ರಚಿಸಿದ, ಪಿಯಾನೊ ಮತ್ತು ವಾದ್ಯವೃಂದದ ಕೃತಿ. ಎಫ್ ಮೇಜರ್, ಕೃತಿಸಂಖ್ಯೆ 102. ತಮ್ಮ 19ನೆಯ ಹುಟ್ಟುಹಬ್ಬವಾದ ಮೇ 10ರಂದು ಮ್ಯಾಕ್ಸಿಮ್ ಮಾಸ್ಕೋದಲ್ಲಿ ಇದನ್ನು ಮೊದಲ ಬಾರಿಗೆ ನುಡಿಸಿದರು.

ಮೂರು ಭಾಗಗಳಲ್ಲಿ ಮೊದಲಿನದೂ ಕೊನೆಯದೂ ಚುರುಕು ನಡೆಯವು. ಕೊನೆಯ ಭಾಗದಲ್ಲಿ ಏಳು ಮಾತ್ರೆಗಳ ಲಯ ನುಗ್ಗಿಬರುತ್ತದೆ. ವಿದ್ಯಾರ್ಥಿಗಳು ಬೆರಳು ಪಳಗಿಸಲು ನುಡಿಸುವ ಹನೋನ್ ಅಭ್ಯಾಸಗಳ ಸ್ವರಸಾಲುಗಳು ಅಪ್ಪನ ಅಕ್ಕರೆಯ ಕೀಟಲೆಯಂತೆ ಕೇಳಿಸುತ್ತವೆ. ಆದರೆ ಕೃತಿಯ ಜೀವಾಳ ನಡುವಿನ ವಿಳಂಬ ಭಾಗ. ತಂತಿವಾದ್ಯಗಳು ಸಿ ಮೈನರ್‌ನಲ್ಲಿ ತಗ್ಗಿದ ದನಿಯಲ್ಲಿ ಆರಂಭಿಸಿದ ಮೇಲೆ ಪಿಯಾನೊ ಸಿ ಮೇಜರ್‌ನಲ್ಲಿ ಮೆಲ್ಲನೆ ಪ್ರವೇಶಿಸುತ್ತದೆ. ಗಾಳಿವಾದ್ಯಗಳ ಪೈಕಿ ಇಲ್ಲಿರುವುದು ಒಂದು ಹಾರ್ನ್ ಮಾತ್ರ.

ಈ ಕೃತಿಗೆ ಕಲಾಮೌಲ್ಯವಿಲ್ಲವೆಂದು ಶೊಸ್ತಕೋವಿಚ್ ಪತ್ರವೊಂದರಲ್ಲಿ ಬರೆದಿದ್ದರು. ಆ ಮಾತನ್ನು ಸುಳ್ಳಾಗಿಸಲು ನಡುವಿನ ಭಾಗವೊಂದೇ ಸಾಕು.