ಮತಪೆಟ್ಟಿಗೆಯ ಕಾವಲು

2006ರ ಜನವರಿ 25ರಂದು ಫೆಲೆಸ್ತೀನಿಯರು ತಮ್ಮ ಶಾಸನ ಪರಿಷತ್ತಿಗೆ ಮತ ಹಾಕಿದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಯುರೋಪಿಯನ್ ಒಕ್ಕೂಟದ ವೀಕ್ಷಕರು ಮತಗಟ್ಟೆಗಳಿಗೆ ಹೋಗಿ ನೋಡಿದರು. ಚುನಾವಣೆ ಶಾಂತಿಯುತವಾಗಿ, ಮುಕ್ತವಾಗಿ ನಡೆದಿದೆ ಎಂದರು.

132 ಸ್ಥಾನಗಳಲ್ಲಿ ಹಮಾಸ್‌ಗೆ 74, ಫತಹ್‌ಗೆ 45 ಬಂದವು. ಫಲಿತಾಂಶದೊಂದಿಗೆ ಧಾಟಿಯೂ ಬದಲಾಯಿತು. ಹಿಂಸೆ ತೊರೆಯಬೇಕು, ಇಸ್ರೇಲನ್ನು ಮಾನ್ಯ ಮಾಡಬೇಕು, ಹಳೆಯ ಒಪ್ಪಂದಗಳನ್ನು ಒಪ್ಪಬೇಕು ಎಂಬ ಷರತ್ತುಗಳು ಬಂದವು. ಇಸ್ರೇಲ್ ತೆರಿಗೆ ಹಣ ತಡೆಹಿಡಿಯಿತು. ಅಮೆರಿಕ, ಯುರೋಪ್ ಸರಕಾರಕ್ಕೆ ಕೊಡುತ್ತಿದ್ದ ನೇರ ನೆರವನ್ನು ನಿಲ್ಲಿಸಿದವು. ಶಿಕ್ಷಕರು, ದಾದಿಯರು ತಿಂಗಳುಗಟ್ಟಲೆ ಪೂರ್ಣ ಸಂಬಳವಿಲ್ಲದೆ ದುಡಿದರು. 2007ರ ಜೂನ್‌ನ ಅಂತಃಕಲಹದಲ್ಲಿ ಗಾಝಾ ಒಂದು ಆಡಳಿತ, ಪಶ್ಚಿಮ ದಂಡೆ ಇನ್ನೊಂದು ಆಡಳಿತವಾಗಿ ಒಡೆದವು. 2021ಕ್ಕೆ ನಿಗದಿಯಾಗಿದ್ದ ಚುನಾವಣೆಯೂ ಮುಂದೂಡಲ್ಪಟ್ಟಿತು.

ವೀಕ್ಷಕರು ಮತಪೆಟ್ಟಿಗೆಯನ್ನು ಕಾಯಬಲ್ಲರು. ಅದರಿಂದ ಹೊರಬಂದ ತೀರ್ಪನ್ನು ಕಾಯುವವರು ಯಾರು?